ಗಂಡಸರ ಹುಬ್ಬಿಗೆ ಮೊದಲ ಗೆರಿ, ಆಮ್ಯಾಲ ಕೂದಲಾ

ಈ ಸಲ ಬಂದ ಪತ್ರದಾಗ ತಲಿಕೂದಲದ ಮಾತು ಕಡಿಮಿ, ಹುಬ್ಬಿಂದ ಜಾಸ್ತಿ, ಅದೂ ಬರದವ್ರು ಬಹುತೇಕ ಗಂಡಸರ. ಹುಬ್ಬಿಗೆ ಕೂದಲಾ ನಾಟೂದು ಅಂದ್ರ ಈಗಿನ ಫ್ಯಾಷನ್ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಲ್ಲರಿ, ಜಪಾನಿನ ಒಕುಡಾ ಅನ್ನೂ ಚರ್ಮದ ಡಾಕ್ಟರು 1939ರಾಗ ಕೂದಲಾ ನಾಟೂ ಬಗ್ಗೆ ಬರದಾಗ ತಲಿ ಜೊತಿ ಹುಬ್ಬು ಮೀಸಿನೂ ಅದರಾಗ ಇದ್ದವು. ಹೆಸರು ಹಾಕಬ್ಯಾಡ್ರಿ ಅಂತ ಎಲ್ಲಾರೂ ಕೇಳ್ಕೊಂಡಾರ, ಹಿಂಗಾಗಿ ಊರಷ್ಟ ಹಾಕೀನಿ.

ಪ್ರಶ್ನೆ: ಡಾಕ್ಟರ್ ಮೇಡಂ ಅವ್ರಿಗೆ ನಮಸ್ಕಾರ್ರೀ. ನಂಗ 27 ವರ್ಷ, ಮೊಬೈಲ್ ಅಂಗಡಿ ಐತಿ. ಕಾಲೇಜಿನ್ಯಾಗ ಇದ್ದಾಗ ಸಲೂನ್‌ದಾಗ ಹುಬ್ಬಿಗೆ ಥ್ರೆಡಿಂಗ್ ಮಾಡಸ್ಕೋತಿದ್ದೆ, ಮನ್ಯಾಗ ಚಿಮಟಾ ತಗೊಂಡು ಕಿತ್ಕೋತಿದ್ದೆ. ಈಗ ಹೊರಗಿನ ಅರ್ಧಾ ಹುಬ್ಬ ಬರೂದ ಬಿಟ್ಟೈತಿ. ಮನ್ಯಾಗ ಕನ್ಯಾ ನೋಡಾಕ ಹತ್ಯಾರ. ಒಂದ ಕಡೆ ಹೋಗಿ ಕೇಳಿದ್ರ ಒಂದೊಂದ ಹುಬ್ಬಿಗೆ 300 ಗ್ರಾಫ್ಟ್ (ಬೇರು ಸಮೇತ ತಗದು ನಾಟೂ ಒಂದೆರಡು ಕೂದಲಾ) ಹಾಕ್ತೀವಿ, ಶೇಪ್‌ಗೆ ಸ್ಟೆನ್ಸಿಲ್ ಐತಿ, ಹೀರೋ ಹಂಗ ಕಮಾನು ಬರ್ತೈತಿ ಅಂದ್ರು. ನಾನೂ ಒಂದು ಫೋಟೋ ಇಟ್ಕೊಂಡೀನಿ. ಶೇಪ್ ಅನ್ನೂದನ್ನ ಹೆಂಗ ಠರಾಯಿಸಬೇಕ್ರಿ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ತಮ್ಮಾ, ಎಲ್ಲಾರೂ ಎಷ್ಟು ಗ್ರಾಫ್ಟ್ ಎಷ್ಟು ರೊಕ್ಕಾ ಅಂತ ಕೇಳ್ತಾರ, ನೀ ಶೇಪ್ ಕೇಳಿದಿ, ಅದಕ್ಕ ನಿನ್ನ ಪತ್ರಾನ ಮೊದಲ ತಗೊಂಡೆ. ಗ್ರಾಫ್ಟ್ ಕಡಿಮಿ ಬಿದ್ರ ವರ್ಷ ಬಿಟ್ಟು ಇನ್ನೊಂದಿಷ್ಟು ಹಾಕಬಹುದು, ಆದ್ರ ಮೊದಲ ಪೆನ್ನಿಂದ ಹಾಕೂ ಹುಬ್ಬಿನ ಗೆರಿ ತಪ್ಪಿ, ಆ ತಪ್ಪಿದ ಜಾಗಾದಾಗ ಕೂದಲಾ ಬೆಳೀತಂದ್ರ ಅದನ್ನ ತೆಗ್ಯೂದು ಹಾಕೂದಕ್ಕಿಂತ ದೊಡ್ಡ ಕೆಲಸ. ಆಪರೇಷನ್ ದಿನದ ಅತಿ ಮಹತ್ವದ ಅರ್ಧಾ ತಾಸು ಯಾವ್ದು ಅಂದ್ರ ಡಾಕ್ಟರ ಕೈಯಾಗ ಬರೇ ಮಾರ್ಕರ್ ಪೆನ್ ಇರೂ ಅರ್ಧಾ ತಾಸು, ಸೂಜಿ ಆಮ್ಯಾಲಿನ ಮಾತು.

ಈಗ ಒಂದ ಕೆಲಸ ಮಾಡು, ಕಣ್ಣ ಮುಚ್ಚಿ ಬೆರಳಿನಿಂದ ಕಣ್ಣಿನ ಗೂಡಿನ ಮ್ಯಾಲಿನ ಎಲುಬಿನ ಅಂಚು ಮುಟ್ಟಿ ನೋಡು. ಗಂಡಸರ ಹುಬ್ಬ ಹೆಚ್ಚುಕಮ್ಮಿ ಆ ಅಂಚಿನ ಮ್ಯಾಲ ಕುಂತಿರ್ತೈತಿ, ಹೆಣ್ಮಕ್ಕಳದು ಅದಕ್ಕಿಂತ ಸ್ವಲ್ಪ ಮ್ಯಾಲ, ಹೊರಗಿನ ಭಾಗಕ್ಕ ಕಮಾನು ಎದ್ದಿರ್ತೈತಿ, ಬಾಲ ಸಣ್ಣಾಗ್ಕೋಂತ ಹೋಗ್ತೈತಿ. ಗಂಡಸರದ್ದು ಅಗಲ ಜಾಸ್ತಿ, ಸಪಾಟ ಜಾಸ್ತಿ, ಹೊರಗಿನ ಮೂರನೇ ಒಂದು ಭಾಗದಾಗ ಚೂರು ಎದ್ದಂಗ ಕಾಣಸ್ತೈತಿ ಅಷ್ಟ, ಬಾಲಾನೂ ಚೂಪಾಗಿ ಮುಗ್ಯೂದಿಲ್ಲ. ಈಗ ಆ ಸ್ಟೆನ್ಸಿಲ್ಲಿನ ಕಮಾನು ತಗೊಂಡು ಗಂಡಸಿನ ಮಾರಿ ಮ್ಯಾಲ ಇಟ್ರ ಏನಾಗ್ತೈತಿ? ಮಾರಿ ಯಾವಾಗ ನೋಡಿದ್ರೂ ಗಾಬರಿ ಆದವ್ರಂಗ ಕಾಣ್ತೈತಿ, ಇಲ್ಲಾ ಹೆಣ್ಮಗಳ ಹುಬ್ಬ ತಂದು ಅಂಟಿಸಿದಂಗ ಕಾಣ್ತೈತಿ. ನಿನಗ ಬೇಕಾದ ಫೋಟೋದಾಗಿನ ಹೀರೋನ ಎಲುಬು ಬ್ಯಾರೆ, ಕಣ್ಣಿನ ಆಳ ಬ್ಯಾರೆ, ಮ್ಯಾಲ ಮೇಕಪ್ಪು ಲೈಟು. ಅವನ ಹುಬ್ಬ ಅವನ ಎಲುಬಿನ ಮ್ಯಾಲ ಚಂದ.

ಅಳತಿ ಹೆಂಗ ಹಿಡೀತಾರ ಅನ್ನೂದನ್ನ ಹೇಳ್ತೀನಿ, ಕನ್ನಡಿ ಮುಂದ ಪೆನ್ಸಿಲ್ ಹಿಡ್ಕೊಂಡು ನೀನೂ ನೋಡಬಹುದು. ಮೂಗಿನ ಹೊಳ್ಳಿ ಮಗ್ಗಲಿಂದ ಪೆನ್ಸಿಲ್ ನೆಟ್ಟಗ ಮ್ಯಾಲ ಹಿಡಿ, ಅದು ಕಣ್ಣಿನ ಒಳಗಿನ ಮೂಲಿ ದಾಟಿ ಹೋಗಿ ಮುಟ್ಟೂ ಜಾಗಾ ಅಂದ್ರ ಹುಬ್ಬಿನ ಶುರು. ಅದ ಹೊಳ್ಳಿಂದ ಕಣ್ಣಿನ ಹೊರಗಿನ ಮೂಲಿ ಮುಟ್ಟಿಸಿ ಅಡ್ಡ ಒರಗಿಸಿ ಹಿಡಿ, ಅದು ಮುಟ್ಟೂ ಜಾಗಾ ಅಂದ್ರ ಬಾಲದ ಕೊನಿ. ಮೂಗು ಅಗಲ ಇದ್ದವ್ರಿಗೆ ಈ ಮೊದಲನೇ ಗೆರಿ ಹೊರಗ ಸರೀತೈತಿ, ಎರಡೂ ಹುಬ್ಬಿನ ನಡುವ ಜಾಗಾ ಜಾಸ್ತಿ ಆಗಿಬಿಡ್ತೈತಿ, ಅಂಥವ್ರಿಗೆ ಹೊಳ್ಳಿ ಬಿಟ್ಟು ಕಣ್ಣಿನ ಒಳಮೂಲಿನ ಹಿಡೀಬೇಕು. ಈ ಗೆರಿ ಎಲ್ಲಾ ಶುರು ಮಾಡಾಕ ಅಷ್ಟ, ಕೊನಿಗೆ ಠರಾಯಿಸೂದು ಮಾರಿ ನೋಡಿನ.

ಗೆರಿ ಹಾಕೂ ಮುಂದ ನಿನ್ನ ಖುರ್ಚಿ ಮ್ಯಾಲ ನೆಟ್ಟಗ ಕುಂದ್ರಿಸಿರಬೇಕು, ಮರಗಟ್ಟೂ ಇಂಜೆಕ್ಷನ್ ಇನ್ನೂ ಕೊಟ್ಟಿರಬಾರದು. ಮಲಗಿಸಿ ಗೆರಿ ಹಾಕಿದ್ರ ಹಣಿ ಚರ್ಮ ಹಿಂದ ಸರ್ದು ಹುಬ್ಬ ಮ್ಯಾಲ ಹೋಗಿರ್ತೈತಿ, ಇಂಜೆಕ್ಷನ್ ಕೊಟ್ಟಮ್ಯಾಲ ಹಾಕಿದ್ರ ಉಬ್ಬಿ ಅಳತಿ ಕೆಟ್ಟಿರ್ತೈತಿ. ಇನ್ನೊಂದ್ ಏನಂದ್ರ ಕನ್ನಡಿ ಕೊಟ್ಟ ಕೂಡ್ಲೆ ಎಲ್ಲಾರೂ ತಮಗ ಗೊತ್ತಿಲ್ದ ಹುಬ್ಬ ಏರಸ್ತಾರ, ನೀ ಈಗ ಕನ್ನಡಿ ಮುಂದ ನಿಂತ್ರೂ ಏರಸ್ತಿ, ಅದಕ್ಕ ಕಣ್ಣ ಮುಚ್ಚಿಸಿ, ಹಣಿ ಸಡಿಲ ಬಿಡಪ್ಪಾ ಅಂತ ಹೇಳಿ, ಸಾವಕಾಶ ಕಣ್ಣ ತೆಗೆಸಿ, ಆವಾಗ ಹುಬ್ಬ ಎಲ್ಲಿ ನಿಂತೈತೋ ಅಲ್ಲಿಂದ ಅಳತಿ ಹಿಡೀಬೇಕು. ಮಾರಿ ನಡುವಿನ ಗೆರಿಯಿಂದ ಎರಡೂ ಕಡೆ ಕ್ಯಾಲಿಪರ್ ಅನ್ನೂ ಅಳತಿ ಸಾಮಾನು ಹಚ್ಚಿ ನೋಡ್ತಾರ. ಆಮ್ಯಾಲ ನಗಬೇಕು, ಸಿಟ್ಟಿನ ಮಾರಿ ಮಾಡಬೇಕು, ಹುಬ್ಬ ಗಂಟ ಹಾಕಬೇಕು, ಗೆರಿ ಮಾರಿ ಜೊತಿ ಹೆಂಗ ಹೊಳ್ಳತೈತಿ ನೋಡಬೇಕು. ಎದುರಿನದೊಂದು, ಎರಡೂ ಓರಿಯದು ಒಂದೊಂದು ಫೋಟೋ ತಗಸ್ಕೋ. ಕನ್ನಡ್ಯಾಗ ಎಡಾ ಬಲಾ ಅದಲು ಬದಲು ಇರ್ತೈತಿ, ಫೋಟೋದಾಗ ಮಂದಿ ನೋಡೂ ಹಂಗ ಇರ್ತೈತಿ, ಎರಡರಾಗೂ ನಿನಗ ಸರಿ ಅನಿಸಬೇಕು.

ಸ್ಟೆನ್ಸಿಲ್ ಬ್ಯಾಡ ಅನ್ನಾಕ ಇನ್ನೂ ಒಂದ ಕಾರಣ ಐತಿ. ಗಂಡಸರ ಹುಬ್ಬಿಗೆ ಕೊರದಂಥ ಅಂಚು ಇರೂದಿಲ್ಲ. ಮೂಗಿನ ಕಡೆ ಶುರು ಆಗೂ ಭಾಗ ವಿರಳ, ಒಂದೆರಡು ಕೂದಲಾ ಗೆರಿ ಬಿಟ್ಟು ಹೊರಗ ಇರ್ತಾವ, ನಡುಭಾಗ ದಟ್ಟ, ಬಾಲಕ್ಕ ಹೋದಂಗ ಮತ್ತ ವಿರಳ. ಹಿಂಗಾಗಿ ಬರದ ಗೆರಿನ ಗೋಡಿಗೆ ಬಣ್ಣಾ ತುಂಬಿದಂಗ ಪೂರಾ ತುಂಬಬಾರದು. ಇನ್ನ ದಿಕ್ಕು. ಶುರುವಿನ ಕೂದಲಾ ನೆಟ್ಟಗ ಮ್ಯಾಲ ನೋಡ್ತಿರ್ತಾವ, ನಡುವ ಬಂದಂಗ ಮ್ಯಾಲಿನ ಸಾಲು ಹೊರಗ ಮತ್ತ ಕೆಳಗ ಬಾಗ್ತೈತಿ, ಕೆಳಗಿನ ಸಾಲು ಹೊರಗ ಮತ್ತ ಮ್ಯಾಲ ಬಾಗ್ತೈತಿ, ಎರಡೂ ನಡುವಿನ ಒಂದು ಗೆರಿಗೆ ಬಂದು ಕೂಡ್ತಾವ, ಬಾಲದಾಗ ಎಲ್ಲಾ ಕಿವಿ ಕಡೆ ಮಲಗ್ತಾವ. ನಿನ್ನಪ್ಪನ ಹುಬ್ಬ ಬೆಳಕಿನ್ಯಾಗ ಹತ್ರ ಹೋಗಿ ನೋಡು, ತಿಳೀತೈತಿ. ಚರ್ಮದಿಂದ ಕೂದಲಾ ಏಳೂ ಓರಿ (ಕೋನ) ಬರೇ 10ರಿಂದ 15 ಡಿಗ್ರಿ, ಅಂದ್ರ ಚರ್ಮಕ್ಕ ಒರಗಿಕೊಂಡ ಇರ್ತೈತಿ. ತಲ್ಯಾಗಿನಂಗ ಎಬ್ಬಿಸಿ ಹಾಕಿದ್ರ ಬ್ರಷ್ ಆಗಿಬಿಡ್ತೈತಿ. ಗೆರಿ ಹಾಕೂ ಡಾಕ್ಟರು ಆ ಗೆರಿ ಒಳಗ ಸಣ್ಣ ಸಣ್ಣ ಬಾಣ ಬರದು ದಿಕ್ಕನ್ನೂ ತೋರಿಸಿದ್ರ ಅವ್ರಿಗೆ ಕೆಲಸ ಗೊತ್ತೈತಿ ಅಂತ ತಿಳ್ಕೋಬಹುದು.

300ರ ಮಾತಿಗೆ ಬರ್ತೀನಿ. ಪೂರಾ ಹುಬ್ಬ ಇಲ್ದವ್ರಿಗೆ ಒಂದು ಕಡೆಗೆ 200ರಿಂದ 350 ಆಗ್ತಾವ, ಬರೇ ಒಂಟಿ ಕೂದಲದ ಗ್ರಾಫ್ಟ್, ಗಂಡಸರಿಗೆ ನಡುವಿನ ದಟ್ಟ ಭಾಗದಾಗ ಎಲ್ಲೋ ಒಂದಿಷ್ಟು ಜೋಡಿ ಕೂದಲದ್ದು. ನಿಂದು ಅರ್ಧಾ ಹುಬ್ಬ ಐತಿ, ಇರೂದನ್ನ ನೋಡ್ದ ಮೊದಲ ಲೆಕ್ಕಾ ಹೇಳೂದು ನನಗ ಸರಿ ಕಾಣೂದಿಲ್ಲ. ಇರೂ ಅರ್ಧಾನ ನಿನ್ನ ಶೇಪಿನ ಮೊದಲ ಸಾಕ್ಷಿ, ಎರಡನೇ ಸಾಕ್ಷಿ ನಿನ್ನ ಎಸ್ಎಸ್ಎಲ್‌ಸಿ ಹಾಲ್ ಟಿಕೆಟಿನ ಫೋಟೋ. ಥ್ರೆಡಿಂಗ್ ಶುರು ಮಾಡೂಕಿಂತ ಮೊದಲಿನ ನಿನ್ನ ಹುಬ್ಬ ಅದರಾಗ ಐತಿ, ಅದನ್ನ ತಗೊಂಡು ಹೋಗು, ಹೀರೋನ ಫೋಟೋ ಮನ್ಯಾಗ ಬಿಡು. ಗೆರಿ ಹಾಕಿದ ದಿನಾನ ಆಪರೇಷನ್ ಮಾಡಸ್ಕೋಬ್ಯಾಡ. ಅಕ್ಕನದೋ ತಂಗಿದೋ ಐಬ್ರೋ ಪೆನ್ಸಿಲ್ ಇಸ್ಕೊಂಡು ಆ ಗೆರಿ ಪ್ರಕಾರ ತುಂಬ್ಕೊಂಡು ಒಂದ ವಾರ ಅಂಗಡ್ಯಾಗ ಕುಂದ್ರು, ದುರ್ಗದಬೈಲಿನ ಗದ್ದಲದಾಗ ಅಡ್ಡಾಡಿ ಬಾ, ಯಾರಿಗೂ ಏನೂ ಅನಸ್ಲಿಲ್ಲ ಅಂದ್ರ ಶೇಪ್ ಸರಿ ಐತಿ. ಏನೋ ಮಾಡಸ್ಕೊಂಡಿ ಅಂತ ಕೇಳಿದ್ರ ಗೆರಿ ಇನ್ನೂ ತಿದ್ದಬೇಕು.

ಕನ್ಯಾ ನೋಡೂ ಲೆಕ್ಕದಾಗ ಅವಸರ ಮಾಡಬ್ಯಾಡ. ನಾಟಿದ ಕೂದಲಾ 2ರಿಂದ 4 ವಾರದಾಗ ಉದುರ್ತಾವ, ಬೇರು ಒಳಗ ಉಳೀತೈತಿ, 3-4 ತಿಂಗಳಿಗೆ ಮತ್ತ ಚಿಗರ್ತಾವ, ಪೂರಾ ರೂಪ ಬರಾಕ 9ರಿಂದ 12 ತಿಂಗಳು. ತಲಿ ಹಿಂದಿನ ಕೂದಲಾ ತಂದು ಹಾಕೂದ್ರಿಂದ ಅದು ತಲಿ ಸ್ವಭಾವ ಬಿಡೂದಿಲ್ಲ, ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಬೆಳ್ಕೋಂತ ಹೋಗ್ತೈತಿ, ಹುಟ್ಟಾ ಬಂದ ಹುಬ್ಬಿನ ಕೂದಲಾ ಒಂದೆರಡು ತಿಂಗಳು ಬೆಳದು ನಿಲ್ತೈತಿ. ಅಂದ್ರ ವಾರಕ್ಕೋ ಹತ್ತು ದಿನಕ್ಕೋ ಕತ್ತರಿ ಹಚ್ಚೂದು ಜೀವನಪೂರ್ತಿ ಕೆಲಸ. ಕಿವಿ ಹಿಂದಿಂದು, ಕುತ್ತಿಗಿ ಹತ್ರದ್ದು ಸಣ್ಣ ಕೂದಲಾ ಇದಕ್ಕ ಚಲೋ, ಗಡ್ಡದ್ದು ಭಾಳ ದಪ್ಪ, ಬ್ಯಾಡ. ಮತ್ತ ಇದನ್ನ ಯಾರ ಮಾಡ್ತಾರ ಅಂತ ಕೇಳು. 2022ರಾಗ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇರ್ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಸ್ಪಷ್ಟ ಹೇಳೈತಿ, ಪ್ಲಾಸ್ಟಿಕ್ ಸರ್ಜರಿ ಇಲ್ಲಾ ಚರ್ಮರೋಗದಾಗ ಓದಿದಂಥ, ಈ ಕೆಲಸದ ತರಬೇತಿ ಇದ್ದ ಡಾಕ್ಟರ ಮಾಡಬೇಕು, ವಿಡಿಯೋ ನೋಡಿ ಕಲ್ತದ್ದು ತರಬೇತಿ ಅಲ್ಲ ಅಂತ.

ಪ್ರಶ್ನೆ: ನಮಸ್ಕಾರ ಮೇಡಂ. ಹೋದ ದೀಪಾವಳಿ ಟೈಮಿನ್ಯಾಗ ನಮ್ಮೂರ ಹೋರಿ ಹಬ್ಬದಾಗ ಹೋರಿ ಕೊಂಬು ತಾಗಿ ಬಲಗಡೆ ಹುಬ್ಬ ಸೀಳಿತ್ತು, 7 ಹೊಲಿಗಿ ಬಿದ್ದಾವ. ಈಗ ಗಾಯ ಮಾಯೈತಿ, ಆದ್ರ ಹುಬ್ಬಿನ ನಡುವ ಬೆರಳಗಲ ಬೋಳು, ಮತ್ತ ಎರಡೂ ತುಂಡು ಒಂದಕ್ಕೊಂದು ಕೂಡೂದಿಲ್ಲ, ಹೊರಗಿನ ತುಂಡು ಕೆಳಗ ಕುಂತೈತಿ. ಕೂದಲಾ ಹಾಕಿದ್ರ ಸರಿ ಹೋಗ್ತೈತೇನ್ರಿ? ವಯಸ್ಸು 31. (ಹಾವೇರಿ ತಾಲೂಕು)

ಉತ್ತರ: ತಮ್ಮಾ, ಕಣ್ಣ ಉಳೀತಲ್ಲ, ದೊಡ್ಡ ಮಾತು. ನೀ ಬರದದ್ರಾಗ ಎರಡು ಬ್ಯಾರೆ ಬ್ಯಾರೆ ತೊಂದ್ರಿ ಅದಾವ, ಒಂದು ಬೋಳು ಜಾಗಾ, ಇನ್ನೊಂದು ತುಂಡು ಮ್ಯಾಲ ಕೆಳಗ ಆದದ್ದು. ಬೋಳಿಗೆ ಕೂದಲಾ ಹಾಕಬಹುದು, ಮೆಟ್ಟಲಾ ಆದದ್ದಕ್ಕ ಕೂದಲಾ ಹಾಕಿ ಮುಚ್ಚಾಕ ಹೋದ್ರ ಹುಬ್ಬ ಸೊಟ್ಟಾನ ಕಾಣ್ತೈತಿ. ಹಿಂಗಿದ್ದಾಗ ಮೊದಲ ಪ್ಲಾಸ್ಟಿಕ್ ಸರ್ಜನ್ನರು ಹಳೇ ಗಾಯದ ಕಲಿ ತೆಗೆದು ಎರಡೂ ತುಂಡಿನ ಅಂಚು ಒಂದ ಸಾಲಿಗೆ ತಂದು ಹೊಲೀತಾರ, ಅದರಿಂದ ಬೋಳೂ ಸಣ್ಣದಾಗ್ತೈತಿ, ಅದು ಪೂರಾ ಮಾಗಿದ ಮ್ಯಾಲ ಉಳಿದ ಸಂದಿಗೆ ಕೂದಲಾ. ಕಲಿ ಕೆಂಪಗ, ಗಟ್ಟಿ ಇದ್ದಾಗ ಕೈ ಹಚ್ಚಬಾರದು, ಹೆಚ್ಚುಕಮ್ಮಿ ಒಂದ ವರ್ಷ ಬಿಡಬೇಕು, ಮೆತ್ತಗಾಗಿ ಬಣ್ಣಾ ತಿಳಿಯಾಗಬೇಕು.

ಕಲಿ ಆದ ಚರ್ಮಕ್ಕ ರಕ್ತದ ಓಡಾಟ ಕಡಿಮಿ, ಹಿಂಗಾಗಿ ದಟ್ಟ ಹಾಕಿದ್ರ ಕೂದಲಾ ಹಿಡ್ಯೂದಿಲ್ಲ. ಮೊದಲನೇ ಸಲ ವಿರಳ ಹಾಕಿ, ಎಷ್ಟು ಹಿಡದ್ವು ಅಂತ 10-12 ತಿಂಗಳು ನೋಡಿ, ಆಮ್ಯಾಲ ಎರಡನೇ ಸಲ ತುಂಬೂದು ಒಳ್ಳೇದು. ನಿನಗ ಗೆರಿ ಹಾಕೂದು ಸಲೀಸು, ಎಡಗಡೆ ಹುಬ್ಬ ಕಣ್ಣ ಮುಂದ ಐತಿ, ಹಾಳಿ ಮ್ಯಾಲ ಅದನ್ನ ಪಡದು ಹೊಳ್ಳಿಸಿ ಬಲಗಡೆ ಹಿಡದ್ರ ಅಂದಾಜು ಸಿಗ್ತೈತಿ. ಆದ್ರ ಕಣ್ಣ ಮುಚ್ಚಿ ನಕಲ ಮಾಡಬಾರದು, ಪೆಟ್ಟು ಬಿದ್ದ ಕಡೆ ಹಣಿ ಸ್ನಾಯುನ ನರಕ್ಕೂ ಧಕ್ಕಿ ಆಗಿದ್ರ ಆ ಹುಬ್ಬ ಮೊದಲಿನಂಗ ಏರೂದಿಲ್ಲ, ಅದನ್ನ ಪರೀಕ್ಷಾ ಮಾಡಿಸು.

ಈ ಪತ್ರ ಓದೂ ಉಳದವ್ರಿಗೂ ಒಂದ ಮಾತು. ಹೋರಿ ಹಬ್ಬದಾಗ ಇರ್ಲಿ, ಗರಡ್ಯಾಗ ಇರ್ಲಿ, ಬೈಕಿನ ಮ್ಯಾಲಿಂದ ಬಿದ್ದದ್ದಿರ್ಲಿ, ಹುಬ್ಬ ಸೀಳಿದ್ರ ಹೊಲಿಗಿ ಹಾಕೂ ಮುಂದ ಹುಬ್ಬ ಬೋಳಿಸಬಾರದು. ಕೂದಲಾ ಇದ್ರನ ಯಾವ ಅಂಚಿಗೆ ಯಾವ ಅಂಚು ಕೂಡಸಬೇಕು ಅನ್ನೂದು ಗೊತ್ತಾಗ್ತೈತಿ, ಬೋಳಿಸಿದ್ರ ಆ ಗುರ್ತು ಹೋಗಿ ಈ ತಮ್ಮಗ ಆದಂಗ ಮೆಟ್ಟಲಾ ಆಗ್ತೈತಿ. ಕ್ಯಾಜುಯಾಲ್ಟಿನ್ಯಾಗ ಬ್ಲೇಡ್ ತಗೊಂಡ್ರ ಸಾವಕಾಶ ಕೇಳ್ರಿ, ತಪ್ಪೇನಿಲ್ಲ.

ಪ್ರಶ್ನೆ: ಅಕ್ಕಾರ, ನನ್ನ ಮಗಗ 22 ವರ್ಷ. ನಾಕೈದು ತಿಂಗಳಿಂದ ಎರಡೂ ಹುಬ್ಬಿನ ಹೊರಗಿನ ಕೂದಲಾ ಉದರಾಕ ಹತ್ಯಾವ. ಅವಾ ಟ್ರಾನ್ಸ್‌ಪ್ಲಾಂಟ್ ಮಾಡಸ್ಕೋತೀನಿ ಅಂತ ಹಠಾ ಹಿಡದಾನ. ನಾವು ನೇಕಾರ ಮಂದಿ, ಸಾಲಾ ಮಾಡಿ ಕೊಡಸೂದೇನ್ರಿ? (ಬೆಟಗೇರಿ, ಗದಗ)

ಉತ್ತರ: ಅಕ್ಕಾರ, ಸಾಲಾ ಮಾಡಬ್ಯಾಡ್ರಿ, ಈಗ ಟ್ರಾನ್ಸ್‌ಪ್ಲಾಂಟ್ ಮಾತ ಬ್ಯಾಡ. ಉದುರೂದು ನಿಂತಿಲ್ಲ ಅಂದ್ರ ಯಾಕ ಉದರ್ತೈತಿ ಅನ್ನೂದು ಮೊದಲು. ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಹೋಗೂದಕ್ಕ ಡಾಕ್ಟರ ಮನಸ್ಸಿನ್ಯಾಗ ಬರೂವು ಕೆಲವ ಅದಾವ. ಥೈರಾಯ್ಡ್ ಕಡಿಮಿ ಆಗಿದ್ರ ಹಿಂಗ ಆಗ್ತೈತಿ, ಒಂದು ರಕ್ತದ ಪರೀಕ್ಷಾದಾಗ ತಿಳೀತೈತಿ. ಗುಂಡಗ ಗುಂಡಗ ಬೋಳಾಗಿ ನುಣ್ಣಗಿದ್ರ ಮಂದಿ ಹುಳಾ ತಿಂದಾವ ಅಂತಾರ, ಅಲ್ಲಿ ಯಾವ ಹುಳಾನೂ ಇರೂದಿಲ್ಲ, ದೇಹದ ರಕ್ಷಣಾ ಶಕ್ತಿನ ಕೂದಲದ ಬೇರಿನ ಮ್ಯಾಲ ಬಿದ್ದಿರ್ತೈತಿ, ಇದು ತಾನ ತಿರುಗಿ ಬರೂದೂ ಉಂಟು, ಔಷಧಕ್ಕ ಬರೂದೂ ಉಂಟು. ಹಿಂಥಾದ್ರಾಗ ಕೂದಲಾ ನಾಟಿದ್ರ ನಾಟಿದ್ದನ್ನೂ ಅದು ಬಿಡೂದಿಲ್ಲ. ಹುಡುಗ ಓದ್ಕೋಂತ, ಮೊಬೈಲ್ ನೋಡ್ಕೋಂತ ಹುಬ್ಬ ಕಿತ್ಕೋತಾನೇನ ಅನ್ನೂದನ್ನೂ ನೋಡ್ರಿ, ಕಿತ್ಕೊಂಡ್ರ ಬೈಬ್ಯಾಡ್ರಿ, ಅದು ಚಾಳಿ ಅಲ್ಲ, ಮನಸ್ಸಿನ ಒತ್ತಡದ್ದು, ಅದಕ್ಕೂ ಚಿಕಿತ್ಸಾ ಐತಿ.

ಇನ್ನೊಂದು ಹೇಳಬೇಕು, ಗಾಬರಿ ಆಗಬ್ಯಾಡ್ರಿ. ಕುಷ್ಠರೋಗದಾಗನೂ ಹುಬ್ಬು ಹೊರಗಿನಿಂದ ಉದರ್ತಾವ. ಮೈಮ್ಯಾಲ ಎಲ್ಲಾದ್ರೂ ತಿಳಿ ಬಣ್ಣದ ಇಲ್ಲಾ ಕೆಂಪನ ಮಚ್ಚಿ, ಅಲ್ಲಿ ಮುಟ್ಟಿದ್ದು ಚುಚ್ಚಿದ್ದು ಗೊತ್ತಾಗದ ಇದ್ರ, ಕಿವಿ ಹಾಲಿ ದಪ್ಪ ಆಗಿದ್ರ, ಕೈಕಾಲು ಜೋಮು ಹಿಡದಂಗ ಇದ್ರ ನಾಳೆನ ಹೋಗ್ರಿ. ನಿಮ್ಮ ಗದಗಿನ ಜಿಮ್ಸ್ ಆಸ್ಪತ್ರ್ಯಾಗ ಚರ್ಮರೋಗದ ಡಾಕ್ಟರು ಇರ್ತಾರ, ಓಣಿಯ ಆಶಾ ಕಾರ್ಯಕರ್ತೆಗೂ ಇದು ಗೊತ್ತಿರ್ತೈತಿ. ಕುಷ್ಠರೋಗಕ್ಕ ಕೊಡೂ ಎಂಡಿಟಿ ಅನ್ನೂ ಗುಳಿಗಿ ಸರಕಾರಿ ಆಸ್ಪತ್ರ್ಯಾಗ ಪುಕ್ಕಟ, ರೋಗದ ನಮೂನಿ ನೋಡಿ 6 ತಿಂಗಳು ಇಲ್ಲಾ 12 ತಿಂಗಳು, ಪೂರಾ ವಾಸಿ ಆಗ್ತೈತಿ, ಗುಳಿಗಿ ಶುರು ಮಾಡಿದ ಮ್ಯಾಲ ಮಂದಿಗೆ ಹತ್ತೂ ಭಯ ಇಲ್ಲ. ಈ ರೋಗ ವಾಸಿ ಆಗಿ ತಣ್ಣಗಾದ ಮ್ಯಾಲ ಎಷ್ಟೋ ಮಂದಿಗೆ ಹುಬ್ಬಿಗೆ ಕೂದಲಾ ಹಾಕ್ಯಾರ, ಹುಬ್ಬ ಬಂದಮ್ಯಾಲ ಅವ್ರು ಊರಾಗ ತಲಿ ಎತ್ತಿ ಅಡ್ಡಾಡ್ತಾರ, ಅದಕ್ಕ ನಾನು ಇದನ್ನ ಬರೇ ಚಂದಕ್ಕ ಮಾಡೂ ಆಪರೇಷನ್ ಅಂತ ಎಂದೂ ಅನ್ನೂದಿಲ್ಲ. ಮಗನ್ನ ಕರಕೊಂಡು ಹೋಗ್ರಿ, ಕಾರಣ ತಿಳದ ಮ್ಯಾಲ ಮತ್ತ ಬರೀರಿ.

ಪ್ರಶ್ನೆ: ಹುಬ್ಬಿನ ತುದಿಗೆ ಬ್ಲೇಡ್‌ಲೆ ಎರಡು ಕಟ್ ಹೊಡಸ್ಕೊಂಡೀನಿ, ಮನ್ಯಾಗ ಅಜ್ಜಿ ಅಲ್ಲಿ ಮತ್ತ ಕೂದಲಾ ಬರೂದಿಲ್ಲ ಅಂತಾಳ. ಔಡಲೆಣ್ಣಿ ಹಚ್ಚಲೇನ್ರಿ? (ಧಾರವಾಡ, ಡಿಗ್ರಿ ವಿದ್ಯಾರ್ಥಿ)

ಉತ್ತರ: ಬರ್ತಾವ. ಬ್ಲೇಡು ಮ್ಯಾಲಿನ ಕೂದಲಾ ಕತ್ತರಸ್ತೈತಿ, ಬೇರಿಗೆ ಹೋಗೂದಿಲ್ಲ, ಎರಡು ಮೂರು ತಿಂಗಳು ಹಿಡೀತೈತಿ ಅಷ್ಟ. ಬೇರು ಸೋಲೂದು ವರ್ಷಾನುಗಟ್ಲೆ ಕಿತ್ತಿದ್ರ. ಔಡಲೆಣ್ಣಿಗೆ ಕೂದಲಾ ಹೊಳೀತಾವ, ಹೊಸಾದು ಹುಟ್ಟಸ್ತೈತಿ ಅನ್ನಾಕ ಆಧಾರ ಇಲ್ಲ, ಕಣ್ಣಾಗ ಇಳಿದ್ರ ಉರೀತೈತಿ, ನೋಡ್ಕೊಂಡು ಹಚ್ಚು. ಕಟ್ ಹೊಡ್ಯೂ ಬ್ಲೇಡ್ ಹೊಸಾದಿರ್ಲಿ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ, 61 ವರ್ಷ. ಎಡಗಡೆ ಹುಬ್ಬು ಬಲಗಡೆಗಿಂತ ಮೇಲೆ ಇದೆ, ಎರಡರ ಬಾಲವೂ ಹೋಗಿದೆ. ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಎರಡನ್ನೂ ಸಮ ಮಾಡಿಸಬಹುದೆ? (ಸಪ್ತಾಪುರ, ಧಾರವಾಡ)

ಉತ್ತರ: ಸರ್, ನಮಸ್ಕಾರ. ಎರಡೂ ಹುಬ್ಬ ಹುಬೇಹೂಬ ಒಂದ ನಮೂನಿ ಇದ್ದ ಮನಷ್ಯಾನ ಇಲ್ಲ, ಒಂದೆರಡು ಮಿಲಿಮೀಟರ್ ಫರಕು ಎಲ್ಲಾರಿಗೂ ಇರ್ತೈತಿ. ಆದ್ರ ನಿಮ್ಮ ವಯಸ್ಸಿನ್ಯಾಗ ಒಂದು ಹುಬ್ಬ ಮ್ಯಾಲ ಇದ್ರ ನಾನು ಮೊದಲ ಕಣ್ಣಿನ ರೆಪ್ಪಿ ನೋಡ್ತೀನಿ. ರೆಪ್ಪಿ ಜೋತು ಬಿದ್ದು ಕಣ್ಣಿಗೆ ಅಡ್ಡ ಬರಾಕ ಹತ್ತಿದ್ರ ಮನಷ್ಯಾ ತನಗ ಗೊತ್ತಿಲ್ದ ಆ ಕಡೆ ಹುಬ್ಬ ಎತ್ತಿ ಹಿಡದು ನೋಡಾಕ ಶುರು ಮಾಡ್ತಾನ. ಹಂಗಿದ್ದಾಗ ಏರಿದ ಹುಬ್ಬಿಗೆ ಸಮ ಮಾಡಿ ಕೂದಲಾ ಹಾಕಿ, ಮುಂದ ರೆಪ್ಪಿ ಆಪರೇಷನ್ ಆಗಿ ಹುಬ್ಬ ಕೆಳಗ ಇಳೀತಂದ್ರ ಎಲ್ಲಾ ಲೆಕ್ಕಾ ತಪ್ಪತೈತಿ. ಹಿಂಗಾಗಿ ಕಣ್ಣಿನ ಡಾಕ್ಟರ್ ಮೊದಲು, ರೆಪ್ಪಿ ಇತ್ತೀಚಿಗೆ ಒಮ್ಮಿಂದೊಮ್ಮೆ ಬಿದ್ದದ್ದು, ಎರಡೆರಡು ಕಾಣ್ತೈತಿ ಅಂದ್ರಂತೂ ತಡ ಮಾಡಬ್ಯಾಡ್ರಿ. ರೆಪ್ಪಿ ಸರಿ ಇದ್ರ ಬಾಲ ತುಂಬಸ್ಕೋಬಹುದು, ಸಣ್ಣ ಕೆಲಸ. ಬಾಲ ಮ್ಯಾಲ ಏರಿಸಿ ಬರೀರಿ ಅಂತ ಕೇಳಬ್ಯಾಡ್ರಿ, 60 ದಾಟಿದ ಮಾರಿಗೆ 25ರ ಹುಬ್ಬ ಕೂಡೂದಿಲ್ಲ, ನಿಮ್ಮ ಹಣಿ ಗೆರಿ ಜೊತಿ ಹೋಗೂ ಹಂಗ ಸಪಾಟ, ವಿರಳ, ಒಂದೆರಡು ನೆರತ ಕೂದಲಾನೂ ಇದ್ರ ಚಂದ. ರಕ್ತ ತೆಳು ಮಾಡೂ ಗುಳಿಗಿ ತಗೋತಿದ್ರ ಮೊದಲ ಹೇಳ್ರಿ, ನೀವ ಅದನ್ನ ನಿಲ್ಲಸಬ್ಯಾಡ್ರಿ, ಹಾರ್ಟಿನ ಡಾಕ್ಟರ ಹೇಳಬೇಕು.

ಪ್ರಶ್ನೆ: ಮೇಡಂ, ನಂದು ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ. ಹುಬ್ಬಿನ ಆಪರೇಷನ್ನಿಗೆ ಡಾಕ್ಟರು ಜನವರಿ ಕೊನಿಗೆ ಡೇಟ್ ಕೊಟ್ಟಾರ. ದಿನಾ ಪೂಜಿ ಮಾಡಿ ವಿಭೂತಿ ಹಚ್ಚವಾ ನಾನು. ಯಾವಾಗಿಂದ ಹಚ್ಚಬಹುದು, ಅಂಗಡಿಗೆ ಯಾವಾಗ ಹೋಗಬಹುದು? (ಬ್ಯಾಡಗಿ, ಹಾವೇರಿ ಜಿಲ್ಲಾ)

ಉತ್ತರ: ಅಣ್ಣಾರ, ಡೇಟ್ ಬದಲಿ ಮಾಡಸ್ಕೋರಿ. ಜನವರಿ ಫೆಬ್ರವರಿ ಅಂದ್ರ ನಿಮ್ಮಲ್ಲಿ ಚೀಲ ಚೀಲ ಮಾಲು ಬರೂ ಟೈಮು, ಮಾರ್ಕೆಟ್ ಹತ್ರ ಬಸ್ ಇಳದವ್ರಿಗೂ ಸೀನು ಬರ್ತಾವ. ಸೀನೂದು, ಕಣ್ಣಾಗ ನೀರು, ಕೈಯಾಗಿನ ಖಾರ ಮರತು ಹುಬ್ಬಿಗೆ ಹಚ್ಚೂದು, ಇವು ಮೂರೂ ಹೊಸಾ ಗ್ರಾಫ್ಟಿಗೆ ಆಗೂದಿಲ್ಲ. ಮಳಿಗಾಲದಾಗ ವ್ಯಾಪಾರ ಸಡಿಲ ಇದ್ದಾಗ ಮಾಡಸ್ಕೋರಿ.

ಮೊದಲ ಎರಡು ಮೂರು ದಿನ ಕಣ್ಣಿನ ಸುತ್ತ ಬಾವು ಬಂದು ಕಪ್ಪಗಾಗ್ತೈತಿ, ಮನ್ಯಾಗಿನವ್ರು ಅಂಜ್ತಾರ, ಮೊದಲ ಹೇಳಿ ಇಡ್ರಿ. ದಿಂಬ ಎತ್ತರ ಇಟ್ಟು ಅಂಗಾತ ಮಲಗ್ರಿ. ಸಣ್ಣ ಸಣ್ಣ ಹಕ್ಕಳಿ ಕಟ್ತಾವ, 5ರಿಂದ 7 ದಿನಕ್ಕ ತಾವ ಉದರ್ತಾವ, ಉಗುರಿನಿಂದ ಎಬ್ಬಸಬ್ಯಾಡ್ರಿ, ಹಕ್ಕಳಿ ಜೊತಿ ಗ್ರಾಫ್ಟೂ ಬರ್ತೈತಿ. ವಿಭೂತಿ ಹಚ್ಚೂ ಮುಂದ ಮೂರೂ ಬೆರಳು ಹಣಿ ಮ್ಯಾಲ ಎಳದು ಬರ್ತಾವಲ್ಲ, ಅದರ ತುದಿ ಹುಬ್ಬಿಗೆ ತಾಗ್ತೈತಿ, ಒಣಾ ಪುಡಿ ಗಾಯದಾಗ ಕುಂದರ್ತೈತಿ. ಎರಡು ವಾರ ಹಣಿಗೆ ಬ್ಯಾಡ, ಕೊರಳಿಗೆ ತೋಳಿಗೆ ಹಚ್ಚಿ ಪೂಜಿ ಮಾಡ್ರಿ, ಲಿಂಗಪೂಜಿಗೆ ಏನೂ ಅಡ್ಡಿ ಇಲ್ಲ. ತಂಬಾಕು ಸಿಗರೇಟು ಇದ್ರ ಆಪರೇಷನ್ನಿನ ಮುಂಚಿಂದನ ಬಿಡ್ರಿ, ರಕ್ತದ ಓಡಾಟ ಕಡಿಮಿ ಮಾಡ್ತೈತಿ, ಕೂದಲಾ ಹಿಡ್ಯೂದು ರಕ್ತದ ಮ್ಯಾಲ.

ಪ್ರಶ್ನೆ: ಒಂದು ಕಡೆ ಹುಬ್ಬಿನ ಟ್ರಾನ್ಸ್‌ಪ್ಲಾಂಟ್ ಮಾಡಸ್ಕೊಂಡು 8 ತಿಂಗಳಾತು. ಕೂದಲಾ ಬಂದಾವ, ಆದ್ರ ನೆಟ್ಟಗ ನಿಲ್ತಾವ, ಕೆಲವು ಕೆಳಗ ಕಣ್ಣಿನ ಕಡೆ ನೋಡ್ತಾವ, ಮತ್ತ ಬಾಲ ಹಣಿ ಕಡೆ ಏರಿ ಹೋಗೈತಿ. ಆವತ್ತ ನನ್ನ ಮಲಗಿಸಿನ ಗೆರಿ ಹಾಕಿದ್ರು, ಕನ್ನಡಿ ತೋರಸ್ಲಿಲ್ಲ. ಮಂದ್ಯಾಗ ಹೋಗಾಕ ಮನಸ್ಸ ಬರೂದಿಲ್ಲ, ಟೋಪಿ ಹಾಕ್ಕೊಂಡ ಅಡ್ಡಾಡ್ತೀನಿ. ಏನರ ಉಪಾಯ ಹೇಳ್ರಿ. (ರಾಣೆಬೆನ್ನೂರು)

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಇದು ಸರಿ ಮಾಡಾಕ ಬರೂವಂಥಾದ್ದು, ಅದಕ್ಕ ಧೈರ್ಯಾ ಬಿಡಬ್ಯಾಡ, ಟೈಮ್ ಹಿಡೀತೈತಿ ಅಷ್ಟ. ಮೊದಲ 12 ತಿಂಗಳು ಪೂರಾ ಆಗ್ಲಿ, ಇನ್ನೂ ಹೊರಗ ಬರೂ ಕೂದಲಾ ಇರ್ತಾವ, ಶುರುವಿನ್ಯಾಗ ಸೆಟದು ನಿಂತ ಕೂದಲಾ ಒಂದಿಷ್ಟು ಮೆತ್ತಗಾಗಿ ಒರಗ್ತಾವ. ಅಲ್ಲೀತನಕ ವಾರಕ್ಕೊಮ್ಮೆ ಸಣ್ಣ ಕತ್ತರಿಯಿಂದ ಗಿಡ್ಡ ಇಟ್ಕೋ, ಗಿಡ್ಡ ಇದ್ರ ನೆಟ್ಟಗ ನಿಂತದ್ದು ಕಡಿಮಿ ಕಾಣ್ತೈತಿ, ಹುಬ್ಬಿಗೆ ಹಚ್ಚೂ ಜೆಲ್ ಬರ್ತೈತಿ, ಮುಂಜಾನೆ ಹಚ್ಚಿ ಹೊರಗಿನ ಕಡೆ ಬಾಚು, ಒಣಗೂ ತನಕ ಬೆರಳಲೇ ಒತ್ತಿ ಹಿಡಿ.

ಏರಿ ಹೋದ ಬಾಲಕ್ಕ ಏನ ಮಾಡ್ತಾರಂದ್ರ, ತಪ್ಪ ಜಾಗಾದಾಗ ಇದ್ದ ಕೂದಲಾನ ಒಂದೊಂದ ಸಣ್ಣ ಪಂಚಿನಿಂದ (ದುಂಡನ ಬಾಯಿಯ ಕೊರಿಯೂ ಸಾಧನ) ಬೇರು ಸಮೇತ ತಗದು, ಅದನ್ನ ಸರಿಯಾದ ಗೆರ್ಯಾಗ ಸರಿಯಾದ ಓರಿಯಿಂದ ಮತ್ತ ಹಾಕ್ತಾರ, ಹಾಕಾಕ ಬರದಂಗ ಇದ್ದದ್ದನ್ನ ಎಲೆಕ್ಟ್ರಾಲಿಸಿಸ್ ಮಾಡಿ, ಅಂದ್ರ ಸಣ್ಣ ಕರೆಂಟ್ ಕೊಟ್ಟು, ಬೇರು ಸುಡ್ತಾರ. ಲೇಸರ್ ಅಂತ ಯಾರರ ಹೇಳಿದ್ರ ಹುಷಾರು, ಹುಬ್ಬಿನ ಕೆಳಗ ಲೇಸರ್ ಕಣ್ಣಿಗೆ ಪೆಟ್ಟು ಕೊಟ್ಟ ಪ್ರಕರಣ ಅದಾವ, ಕಣ್ಣೊಳಗ ಕವಚ ಹಾಕ್ದ ಮಾಡಸ್ಕೋಬಾರದು. ನೀನ ಚಿಮಟಾ ತಗೊಂಡು ಕೀಳಬ್ಯಾಡ, ಬೇರು ಉಳದು ಅದ ಓರಿಗೆ ಮತ್ತ ಬರ್ತೈತಿ, ಮ್ಯಾಲ ಚರ್ಮದಾಗ ಗುಳ್ಳಿ ಏಳ್ತಾವ.

ಆವತ್ತಿನ ಕೇಸ್ ಪೇಪರ್, ಗ್ರಾಫ್ಟಿನ ಲೆಕ್ಕ, ಆಪರೇಷನ್ ಮುಂಚಿನ ಫೋಟೋ ಎಲ್ಲಾ ಕೇಳಿ ಇಸ್ಕೋ, ಅದು ನಿನ್ನ ಹಕ್ಕು, ಹೊಸಾ ಡಾಕ್ಟರಿಗೆ ಭಾಳ ಉಪಯೋಗ ಆಗ್ತಾವ. ಎರಡನೇ ಸಲ ಹೋದಾಗ ಖುರ್ಚಿ ಮ್ಯಾಲ ಕುಂತು, ಕೈಯಾಗ ಕನ್ನಡಿ ಹಿಡ್ಕೊಂಡು, ಗೆರಿ ನಿನ್ನ ಕಣ್ಣಿಗೆ ಒಪ್ಪೂ ತನಕ ಅಳಿಸಿ ಬರಸ್ಕೋ, ಮೂರು ಸಲ ಅಳಿಸಿದ್ರೂ ಬೇಜಾರ ಮಾಡ್ಕೊಳ್ದ ಡಾಕ್ಟರನ್ನ ಹುಡುಕು. ಎಲ್ಲಿಗೆ ಹೋಗೂದು ತಿಳೀಲಿಲ್ಲ ಅಂದ್ರ ಹುಬ್ಬಳ್ಳಿ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಆಸ್ಪತ್ರಿಯ ಚರ್ಮರೋಗದ ಓಪಿಡಿಗೆ ಒಮ್ಮೆ ತೋರಿಸಿ ಅಭಿಪ್ರಾಯ ತಗೋ, ಎದುರಿಂದು, ಓರಿಯಿಂದು, ಕಣ್ಣ ಮುಚ್ಚಿದ್ದು ಹಿಂಗ ನಾಕು ಫೋಟೋ ಜೊತಿಗಿರ್ಲಿ.